ಹನ್ನೆರಡು ವರ್ಷದ ಗೆರೆ

ದಶಮಾಂಶದಕ್ಕನಿಗೆ,

ಈ ಅಡ್ಡಹೆಸರಿನಿಂದ ನಿಮ್ಮನ್ನು ಕರೆಯುವ ಹಕ್ಕು ನನಗಿನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಕಚೇರಿಯಲ್ಲಿ ಉಳಿದವರೆಲ್ಲ ನಿಮ್ಮ ಬೆನ್ನ ಹಿಂದೆ ಹಾಗೆ ಕರೆಯುತ್ತಿದ್ದರು. ನಾನೊಬ್ಬ ಎದುರಿಗೇ ಕರೆಯುತ್ತಿದ್ದೆ, ನೀವು ನಗುತ್ತಿದ್ದಿರಿ. ಆರು ವರ್ಷದಿಂದ ಒಂದು ಸಾಲೂ ಬರೆಯದವನು ಈಗ ಬರೆಯುತ್ತಿದ್ದಾನೆಂದರೆ ಏನೋ ಕೆಲಸ ಬಿದ್ದಿರಬೇಕು ಎಂದು ನೀವು ಊಹಿಸಿರುತ್ತೀರಿ. ಬಿದ್ದಿದೆ. ಇನ್ನು ಹತ್ತು ಹದಿನೈದು ದಿನಗಳಲ್ಲಿ ನಿಮ್ಮ ಮನೆಗೆ ಒಂದು ಸರ್ಕಾರಿ ಲಕೋಟೆ ಬರುತ್ತದೆ. ಸಾಕ್ಷಿ ಹೇಳಲು ಬನ್ನಿ ಎಂದು ಅದರಲ್ಲಿ ಬರೆದಿರುತ್ತದೆ. ನಿಮ್ಮ ಹೆಸರು ಕೊಟ್ಟವನು ನಾನು. ನಿಮ್ಮನ್ನು ಒಂದು ಮಾತು ಕೇಳದೆ ಕೊಟ್ಟೆ. ಆ ಲಕೋಟೆಗಿಂತ ಮೊದಲು ಈ ಕಾಗದ ನಿಮ್ಮ ಕೈ ಸೇರಲಿ ಎಂದು ಕೂತಿದ್ದೇನೆ.

ಎಲ್ಲಿಂದ ಶುರು ಮಾಡಲಿ? ಈ ಪ್ರಶ್ನೆಯೇ ನಮ್ಮಿಬ್ಬರನ್ನು ಬೇರೆ ಮಾಡಿದ್ದು, ಅಲ್ಲವೇ? ಅದಕ್ಕೇ ಮೊದಲಿನಿಂದಲೇ ಶುರು ಮಾಡುತ್ತೇನೆ. ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ನನಗೆ ಎಷ್ಟು ನೆನಪಿದೆ ಎನ್ನುವುದಾದರೂ ನಿಮಗೆ ತಿಳಿಯಲಿ.

ನಾನು ಹವಾಮಾನ ಕಚೇರಿಗೆ ಸೇರಿದ್ದು ನಕ್ಷೆ ಎಳೆಯುವ ಕೆಲಸಕ್ಕೆ. ಅಂಕಿ ಕೊಟ್ಟರೆ ಗೆರೆ ಎಳೆದು ಕೊಡುವುದು, ಅಷ್ಟೆ. ಮೊದಲ ದಿನವೇ ನೀವು ನನಗೆ 'ಗೆರೆಯಪ್ಪ' ಎಂದು ನಾಮಕರಣ ಮಾಡಿದಿರಿ. ನಿಮ್ಮ ವಯಸ್ಸು ಕೇಳಿದ ಚಹಾದವನಿಗೆ "ನಲವತ್ತೇಳು ಪಾಯಿಂಟ್ ಮೂರು" ಅಂದಿದ್ದಿರಿ. ಅವನು ಎರಡು ಮಹಡಿ ಇಳಿದು ಹೋಗಿ ಕೆಳಗಿನವರಿಗೆಲ್ಲ ಅದನ್ನು ಹೇಳಿ ನಗಿಸಿದ್ದ. ಒಂದು ಅಂಕಿಯನ್ನೂ ನೀವು ಉದಾಸೀನ ಮಾಡುತ್ತಿರಲಿಲ್ಲ. "ಬಿಂದು ಆದ್ಮೇಲಿನ ಅಂಕಿ ಬಿಟ್ರೆ ಏನಾಗುತ್ತಕ್ಕಾ?" ಎಂದು ಕೇಳಿದರೆ, "ಬಿಂದು ಆದ್ಮೇಲೇ ಕಣೋ ಜನ ಸಾಯೋದು" ಅಂದಿದ್ದಿರಿ. ಆಗ ಅದು ನನಗೆ ತಮಾಷೆಯಾಗಿ ಕೇಳಿಸಿತ್ತು.

ಎಂಬತ್ತೊಂದು ವರ್ಷದ ದಾಖಲೆ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ಕಂಪ್ಯೂಟರಿಗೆ ತುಂಬಿದ ಆ ಹದಿನಾಲ್ಕು ತಿಂಗಳು ನೆನಪಿದೆಯೇ? ನೀವು ಓದುತ್ತಿದ್ದಿರಿ, ನಾನು ಒತ್ತುತ್ತಿದ್ದೆ. ದಿನಕ್ಕೆ ಎರಡು ಅಂಕಿ: ಹಗಲಿನ ಗರಿಷ್ಠ, ರಾತ್ರಿಯ ಕನಿಷ್ಠ. ಪುಟಗಳಿಂದ ಗೆದ್ದಲು ಉದುರುತ್ತಿತ್ತು, ನನಗೆ ಸೀನು ನಿಲ್ಲುತ್ತಿರಲಿಲ್ಲ. ಹತ್ತೊಂಬತ್ತನೇ ವರ್ಷದ ಪುಸ್ತಕದ ಅಂಚಿನಲ್ಲಿ ಆ ಕಾಲದ ವೀಕ್ಷಕರು ಬರೆದಿದ್ದ ಒಂದು ಸಾಲು ಸಿಕ್ಕಿತು: 'ಇಂದು ಜ್ವರ. ಅಂಕಿಯನ್ನು ಓದಿದ್ದು ನನ್ನ ಹೆಂಡತಿ. ಅವಳ ದೃಷ್ಟಿ ನನಗಿಂತ ಚೆನ್ನಾಗಿದೆ.' ನೀವು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿರಿ. "ನೋಡೋ, ಈ ಮನುಷ್ಯ ಜ್ವರದಲ್ಲೂ ಅಂದಾಜಿನ ಮೇಲೆ ಒಂದಂಕಿ ಬರೀಲಿಲ್ಲ" ಅಂದಿರಿ. ನಾನು ತಲೆದೂಗಿದೆ. ಆ ಸಾಲನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡೆ ಅಕ್ಕಾ. ನನ್ನನ್ನು ನೀವು ಪೂರ್ತಿ ಕಲ್ಲು ಅಂದುಕೊಳ್ಳಬಾರದು ಎಂದು ಇದನ್ನು ಹೇಳುತ್ತಿದ್ದೇನೆ.

ಅಂಕಿಗಳನ್ನು ತುಂಬಿದ ಮೇಲೆ ಸೋಸುವ ಕೆಲಸ. ಮೂವತ್ತನಾಲ್ಕನೇ ವರ್ಷದಲ್ಲಿ ತಾಪಮಾನ ಇದ್ದಕ್ಕಿದ್ದಂತೆ ಮುಕ್ಕಾಲು ಡಿಗ್ರಿ ಜಿಗಿದಿತ್ತು. ನಾನು ಹಿಗ್ಗಿ, "ಇಲ್ಲಿಂದಲೇ ಬಿಸಿಯಾಗೋಕೆ ಶುರುವಾಗಿದೆ" ಅಂದೆ. ನೀವು ಅಲ್ಲವೆಂದು ತಲೆಯಾಡಿಸಿ, ಸುತ್ತಲಿನ ಐದು ಊರುಗಳ ಅದೇ ವರ್ಷದ ಅಂಕಿಗಳನ್ನು ಪಕ್ಕಪಕ್ಕ ಇಟ್ಟಿರಿ. ಎಲ್ಲಿಯೂ ಜಿಗಿತ ಇರಲಿಲ್ಲ. ಹುಡುಕಿದರೆ, ಆ ವರ್ಷ ಉಷ್ಣಮಾಪಕದ ಪೆಟ್ಟಿಗೆಯನ್ನು ನದಿಪಕ್ಕದ ತೋಟದಿಂದ ಕಚೇರಿಯ ಅಂಗಳಕ್ಕೆ ಸಾಗಿಸಿದ್ದರು. ಬಿಸಿಯಾದದ್ದು ಊರಲ್ಲ, ಪೆಟ್ಟಿಗೆ ನಿಂತ ಜಾಗ. ಆ ಮುಕ್ಕಾಲು ಡಿಗ್ರಿಯನ್ನು ನೀವು ನಿರ್ದಾಕ್ಷಿಣ್ಯವಾಗಿ ಕಳೆದು ಹಾಕಿದಿರಿ. "ನಮ್ಮ ಮಾತಿಗೆ ಅನುಕೂಲ ಆಗುತ್ತೆ ಅಂತ ಸುಳ್ಳು ಬಿಸೀನ ಒಳಗೆ ಬಿಟ್ಕೊಂಡ್ರೆ, ನಾಳೆ ನಿಜವಾದ ಬಿಸೀನೂ ಯಾರೂ ನಂಬಲ್ಲ." ಅಷ್ಟು ಕಳೆದ ಮೇಲೂ ಏನು ಉಳಿಯಿತೋ ಅದನ್ನು ನಾವಿಬ್ಬರೂ ಮೊದಲಿನಿಂದ ಇನ್ನೊಮ್ಮೆ ಕೂಡಿ ನೋಡಿದೆವು.

ಹಗಲು ಏರಿದ್ದು ಒಂದು ಡಿಗ್ರಿಗಿಂತ ತುಸು ಹೆಚ್ಚು. ರಾತ್ರಿ ಏರಿದ್ದು ಹತ್ತಿರ ಹತ್ತಿರ ಎರಡು ಡಿಗ್ರಿ. ಅದರಲ್ಲೂ ಮುಕ್ಕಾಲು ಪಾಲು ಕೊನೆಯ ಮೂವತ್ತು ವರ್ಷದ್ದು. ಎರಡು ಡಿಗ್ರಿ ಎಂದರೆ ಯಾರೂ ಬೆಚ್ಚಿಬೀಳುವುದಿಲ್ಲ, ಅದು ನಿಮಗೂ ಗೊತ್ತಿತ್ತು. ನಿಮ್ಮನ್ನು ಬೆಚ್ಚಿಸಿದ್ದು ಸರಾಸರಿಯಲ್ಲ. ಇಪ್ಪತ್ತೊಂಬತ್ತು ಡಿಗ್ರಿಗಿಂತ ಕೆಳಗೆ ಇಳಿಯದ ರಾತ್ರಿಗಳನ್ನು ಬೇರೆ ಮಾಡಿ ಎಣಿಸಿದಿರಿ. ಮೊದಲ ಐವತ್ತು ವರ್ಷದಲ್ಲಿ ಅಂಥ ರಾತ್ರಿಗಳು ಒಂದರ ಹಿಂದೆ ಒಂದು ಬಂದದ್ದು ಹೆಚ್ಚೆಂದರೆ ಎರಡು. ಕೊನೆಯ ಹತ್ತು ವರ್ಷದಲ್ಲಿ ಒಮ್ಮೆ ಐದು, ಒಮ್ಮೆ ಆರು. ನೀವು ನಾಲ್ಕು ದಿನ ಕೂತು ಲೆಕ್ಕ ಹಾಕಿದಿರಿ. ಐದನೆಯ ದಿನ ಒಂದು ಹಾಳೆಯಲ್ಲಿ ಬರೆದು ನನ್ನ ಮೇಜಿನ ಮೇಲಿಟ್ಟಿರಿ: 'ಮುಂದಿನ ಹತ್ತು ವರ್ಷದೊಳಗೆ ಒಂಬತ್ತು ರಾತ್ರಿಗಳ ಸಾಲು. ಸಂಭವ, ಎರಡರಲ್ಲಿ ಒಂದು.' ಕೆಳಗೆ ತಾರೀಖು, ನಿಮ್ಮ ಸಹಿ.

"ಹಗಲು ಎಷ್ಟೇ ಕಾಯ್ಲಿ, ರಾತ್ರಿ ತಣಿದ್ರೆ ಮನುಷ್ಯ ಬದುಕ್ಕೋತಾನೆ" ಅಂದಿರಿ. "ರಾತ್ರೀನೂ ತಣೀದೆ ಇದ್ರೆ ಗೋಡೆ, ನೆಲ, ಮೈ ಎಲ್ಲಾನೂ ನೆನ್ನೆ ಬಿಸೀನ ಇಟ್ಕೊಂಡೇ ಬೆಳಗಾಗುತ್ತೆ. ಮೇಲೆ ಇವತ್ತಿಂದು ಸೇರುತ್ತೆ. ನಾಲ್ಕನೇ ದಿನಕ್ಕೆ ವಯಸ್ಸಾದೋರು ಕುಸೀತಾರೆ. ಒಂಬತ್ತನೇ ದಿನಕ್ಕೆ ಏನಾಗುತ್ತೋ ನಂಗೊತ್ತಿಲ್ಲ, ಯಾರೂ ನೋಡಿಲ್ಲ."

ಅದೇ ತಿಂಗಳು ನಗರ ಯೋಜನೆಯವರ ಪತ್ರ ಬಂತು. ಬಸ್ ಡಿಪೋ ಹಿಂದಿನ ಗಲ್ಲಿಗಳನ್ನು ಕೆಡವಿ, ಅಲ್ಲಿಯವರಿಗೆ ಊರ ಪಶ್ಚಿಮದಲ್ಲಿ ಆರು ಮಹಡಿಯ ವಸತಿ ಕಟ್ಟುವುದು. ಅದರ ವಿನ್ಯಾಸಕ್ಕೆ ಮುಂದಿನ ವರ್ಷಗಳ ತಾಪಮಾನದ ಟಿಪ್ಪಣಿ ಬೇಕು. ನಿಮ್ಮ ಟಿಪ್ಪಣಿಯ ಪ್ರಕಾರ ಕಟ್ಟಿದರೆ ಎರಡು ಪದರದ ಚಾವಣಿ, ನಡುವೆ ತೆರೆದ ಅಂಗಳ, ಎದುರುಬದುರು ಕಿಟಕಿ ಎಲ್ಲ ಬೇಕಾಗುತ್ತಿತ್ತು. ಮನೆಗಳ ಸಂಖ್ಯೆ ಅರ್ಧಕ್ಕೆ ಇಳಿಯುತ್ತಿತ್ತು. ದೊಡ್ಡ ಸಾಹೇಬರು ನನ್ನನ್ನು ಒಬ್ಬನನ್ನೇ ಒಳಗೆ ಕರೆದರು. ಅವರು ಕೆಟ್ಟವರಲ್ಲ ಅಕ್ಕಾ, ಅದನ್ನೂ ಬರೆಯಬೇಕು. ಚಹಾ ತರಿಸಿದರು. "ಎಂಬತ್ತು ವರ್ಷದ ಪುರಾಣ ಯಾರಿಗೆ ಬೇಕಪ್ಪಾ? ಈಚಿನದ್ದು ತೋರಿಸು. ಕೊನೇ ಹನ್ನೆರಡು ವರ್ಷ ಸಾಕು" ಅಂದರು.

ಹನ್ನೆರಡೇ ಏಕೆ ಎಂದು ನನಗೆ ಕೂಡಲೇ ಹೊಳೆಯಿತು. ಹನ್ನೆರಡು ವರ್ಷದ ಹಿಂದಿನದು ಅಲ್ಲಿಯವರೆಗಿನ ಅತಿ ಬಿಸಿಯ ವರ್ಷ. ಎತ್ತರದ ಮೆಟ್ಟಿಲಿನಿಂದ ಅಳೆಯಲು ಹೊರಟರೆ ಮುಂದಿನ ದಾರಿ ಸಮತಟ್ಟಾಗಿಯೇ ಕಾಣುತ್ತದೆ. ನಾನು ಗೆರೆ ಎಳೆದೆ. ಹಾಸಿಗೆಯಂತೆ ಮಲಗಿತು. ಕೆಳಗೆ ಬರೆದೆ: 'ಸದರಿ ಅವಧಿಯಲ್ಲಿ ಗಮನಾರ್ಹ ಏರಿಕೆ ಕಂಡುಬಂದಿರುವುದಿಲ್ಲ.' ನೀವು ಸಹಿ ಮಾಡಲಿಲ್ಲ. ನಾನು ಮಾಡಿದೆ.

ಅವತ್ತು ನೀವು ಬೈದಿದ್ದರೆ ನಾನು ಇಷ್ಟು ವರ್ಷ ನೆಮ್ಮದಿಯಾಗಿ ಇರುತ್ತಿದ್ದೆನೇನೋ. ಬೈಸಿಕೊಂಡವನಿಗೆ ತಿರುಗಿ ಬೈಯುವ ಅನುಕೂಲ ಇರುತ್ತದೆ. ನೀವು ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಿರಿ. "ನೀನು ಎಳೆದಿರೋ ಗೆರೆ ಸುಳ್ಳಲ್ಲ ಕಣೋ. ಅದಕ್ಕೇ ನಂಗೆ ಭಯ" ಅಂದಿರಿ. ಆಮೇಲೆ, "ಕಂಡುಬಂದಿಲ್ಲ ಅಂತ ಬರ್ದಿದ್ದೀಯ. ಅವ್ರು ಇಲ್ಲ ಅಂತ ಓದ್ಕೋತಾರೆ" ಅಂದಿರಿ. ನನಗೆ ಆಗಷ್ಟೇ ಮಗಳು ಹುಟ್ಟಿದ್ದಳು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಇದನ್ನು ಕಾರಣ ಎಂದು ಬರೆಯುತ್ತಿಲ್ಲ. ಆ ದಿನ ಮನಸ್ಸಿನಲ್ಲಿ ಇದ್ದದ್ದು ಅದು, ಅಷ್ಟೆ.

ಇನ್ನೊಂದು ವಿಷಯ ನಿಮಗೆ ಗೊತ್ತಿಲ್ಲ. ನಿಮ್ಮನ್ನು ಉಗ್ರಾಣಕ್ಕೆ ವರ್ಗ ಮಾಡುವ ಮುನ್ನ ಸಾಹೇಬರು ನನ್ನನ್ನು ಕೇಳಿದ್ದರು, "ಆಯಮ್ಮ ಯಾರ ಜೊತೆಗೂ ಹೊಂದಿಕೊಳ್ಳಲ್ಲ, ಅಲ್ವೇನಪ್ಪಾ?" ನಾನು ಹೌದೆಂದು ಬರೀ ತಲೆಯಾಡಿಸಿದೆ. ಹದಿನಾಲ್ಕು ತಿಂಗಳು ಒಂದೇ ಮೇಜಿನಲ್ಲಿ, ನೀವು ತಂದ ಡಬ್ಬಿಯಲ್ಲೇ ಪಾಲು ತಿಂದವನು ತಲೆಯಾಡಿಸಿದೆ. ನೀವು ಮೂರು ತಿಂಗಳು ಉಗ್ರಾಣದಲ್ಲಿ ಒಡೆದ ಉಷ್ಣಮಾಪಕಗಳನ್ನು ಎಣಿಸಿ, ರಾಜೀನಾಮೆ ಕೊಟ್ಟು, ಬಂದರಿನ ಊರಿಗೆ ಮಗಳ ಮನೆಗೆ ಹೊರಟಿರಿ. ಬೀಳ್ಕೊಡುವ ದಿನ ನಾನು ರಜೆ ಹಾಕಿದ್ದೆ. ಹೊಟ್ಟೆನೋವು ಎಂದು ಬರೆದುಕೊಟ್ಟಿದ್ದೆ.

ಆ ಕಟ್ಟಡ ಎದ್ದು ನಿಂತಿತು. ನನಗೆ ಬಡ್ತಿ ಸಿಕ್ಕಿತು. ನಿಮ್ಮ ಕುರ್ಚಿಯಲ್ಲೇ ಕೂತೆ.

ಈಗ ನನ್ನ ದೊಡ್ಡಮ್ಮನ ವಿಷಯ ಹೇಳಬೇಕು. ಒಮ್ಮೆ ಕಚೇರಿಗೆ ಬಂದಿದ್ದಾಗ ನಿಮ್ಮ ಕುಪ್ಪಸದ ಹೊಲಿಗೆ ನೋಡಿ "ಇದ್ಯಾರಮ್ಮಾ ಇಷ್ಟು ವಕ್ರವಾಗಿ ಹೊಲಿದಿರೋದು?" ಎಂದು ಕೇಳಿ ನಿಮ್ಮನ್ನು ನಗಿಸಿದ್ದಳಲ್ಲ, ಅವಳೇ. ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ. ಅಲ್ಲಿಂದ ಮುಂದೆ ನನ್ನನ್ನು ಸಾಕಿದ್ದು ಅವಳು, ಅವಳ ಹೊಲಿಗೆ ಯಂತ್ರ. ಅವಳ ಮನೆ ಇದ್ದದ್ದು ಬಸ್ ಡಿಪೋ ಹಿಂದಿನ ಗಲ್ಲಿಯಲ್ಲಿ. ಟಿಪ್ಪಣಿಗೆ ಸಹಿ ಮಾಡಿದ ದಿನವೂ ಅದು ನನಗೆ ಗೊತ್ತಿತ್ತು. ಅವಳನ್ನು ನಮ್ಮ ಮನೆಗೇ ಕರೆತಂದುಬಿಡುತ್ತೇನೆ, ಅವಳು ಅಲ್ಲಿಗೆ ಹೋಗುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅವಳು ಬರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವಳ ಹೆಸರಿಗೆ ಒಂದು ಮನೆ ಬಂದಿತ್ತು. ಐದನೇ ಮಹಡಿ, ಪಶ್ಚಿಮಕ್ಕೆ ಮುಖ. "ಇನ್ಮೇಲೆ ನನ್ನ ಮಾತಾಡಿಸ್ಬೇಕಾದ್ರೆ ನೀನು ತಲೆ ಎತ್ಬೇಕು ಕಣೋ" ಎಂದು ನಕ್ಕಳು.

ಮನೆ ತೋರಿಸಲು ಅವಳು ನನ್ನನ್ನು ಕರೆದುಕೊಂಡು ಹೋದದ್ದು ಒಂದು ಸಂಜೆ ಐದು ಗಂಟೆಗೆ. ಅಡುಗೆಕೋಣೆಯ ನಲ್ಲಿ ತಿರುಗಿಸಿ ತೋರಿಸಿದಳು, ಬಾಗಿಲ ಚಿಲಕ ಹಾಕಿ ತೆಗೆದು ತೋರಿಸಿದಳು. ಯಂತ್ರ ಇಡಲು ಪಶ್ಚಿಮದ ಗೋಡೆಯ ಪಕ್ಕ ಜಾಗ ಗುರುತು ಮಾಡಿದ್ದಳು. ಅಲ್ಲಿ ಬೆಳಕು ಚೆನ್ನಾಗಿ ಬೀಳುತ್ತಿತ್ತು. ನಾನು ಆ ಗೋಡೆಗೆ ಅಂಗೈ ಇಟ್ಟೆ. ಇಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಅವಳು ನನ್ನ ಮುಖ ನೋಡುತ್ತಿದ್ದಳು, ಒಂದು ಒಳ್ಳೆಯ ಮಾತಿಗಾಗಿ. "ಬಣ್ಣ ಚೆನ್ನಾಗಿದೆ ದೊಡ್ಡಮ್ಮ" ಅಂದೆ.

ಮೊದಲ ಬೇಸಿಗೆ ಹೇಗೋ ಕಳೆಯಿತು. ಎರಡನೆಯದು ಹೋದ ವರ್ಷದ್ದು. ಪತ್ರಿಕೆಗಳಲ್ಲಿ ನೀವು ಓದಿರುತ್ತೀರಿ, ಆದರೆ ಅವು ಹಗಲಿನ ಅಂಕಿಯನ್ನು ಮಾತ್ರ ಬರೆದವು. ನನ್ನ ಮೇಜಿಗೆ ಬರುತ್ತಿದ್ದದ್ದು ಬೆಳಗಿನ ಚೀಟಿ. ಮೊದಲ ದಿನ ಇಪ್ಪತ್ತೊಂಬತ್ತು ಪಾಯಿಂಟ್ ಎರಡು. ಎರಡನೆಯ ದಿನ ಪಾಯಿಂಟ್ ಆರು. ಮೂರನೆಯ ದಿನ ಮೂವತ್ತು. ನಾಲ್ಕನೆಯ ಬೆಳಿಗ್ಗೆ ಚೀಟಿ ತಂದ ಜವಾನನಿಗೆ, "ಸರಿಯಾಗಿ ಓದಿದ್ದೀಯೇನಯ್ಯಾ?" ಎಂದು ರೇಗಿ, ನಾನೇ ಅಂಗಳಕ್ಕೆ ಇಳಿದು ಪೆಟ್ಟಿಗೆಯ ಬಾಗಿಲು ತೆಗೆದು ನೋಡಿದೆ. ಅವನು ಸರಿಯಾಗಿಯೇ ಓದಿದ್ದ. ಅಂಗಳದ ಮರದಡಿ ಮೂರು ಕಾಗೆಗಳು ಬಾಯಿ ತೆರೆದುಕೊಂಡು ಕೂತಿದ್ದವು, ಹತ್ತಿರ ಹೋದರೂ ಹಾರಲಿಲ್ಲ.

ಆರನೆಯ ದಿನ ದೊಡ್ಡಮ್ಮನಿಗೆ ಫೋನ್ ಮಾಡಿದೆ. "ನಾಲ್ಕು ದಿನ ನಮ್ಮನೇಗೆ ಬಂದುಬಿಡು" ಅಂದೆ. "ಬಂದ್ರೆ ನನ್ನ ಕೆಲಸ ನಿಮ್ಮಪ್ಪ ಮಾಡ್ತಾನಾ? ಶಾಲೆ ಶುರುವಾಗೋದ್ರೊಳಗೆ ಅರವತ್ತು ಸಮವಸ್ತ್ರ ಕೊಡ್ಬೇಕು" ಅಂದಳು. "ಸೆಕೆ ಯಾವಾಗ್ಲೂ ಇರುತ್ತೆ. ಈ ಸಲ ಗೋಡೆ ಮಾತ್ರ ಕಾವಲಿ ಥರ ಆಗಿದೆ, ರಾತ್ರಿ ಒದ್ದೆ ಬಟ್ಟೆ ಹೊದ್ಕೊಂಡು ಮಲಗ್ತೀನಿ" ಅಂದಳು. ನಾನು ಇನ್ನೊಮ್ಮೆ ಬಾ ಅಂದೆ. ಯಾಕೆ ಬರಬೇಕು ಎಂದು ಹೇಳಲಿಲ್ಲ. ಇನ್ನೂ ಎಷ್ಟು ರಾತ್ರಿ ಹೀಗೇ ಇರಬಹುದೆಂದು ಬಲ್ಲ ಹಾಳೆಯೊಂದು ನನ್ನ ಬೀರುವಿನಲ್ಲಿ ಇದೆ ಎಂದು ಹೇಳಲಿಲ್ಲ. ಹೇಳಿದ್ದರೆ, ಹಾಗಾದರೆ ಈ ಮನೆಯನ್ನು ಯಾಕೋ ಹೀಗೆ ಕಟ್ಟಿದರು ಎಂದು ಕೇಳುತ್ತಿದ್ದಳು. ಅವಳ ಬಾಯಿಂದ ಆ ಪ್ರಶ್ನೆ ಕೇಳುವ ಧೈರ್ಯ ನನಗಿರಲಿಲ್ಲ. ಹೋಗಿ ಕೈಹಿಡಿದು ಎಳೆದು ತರಬಹುದಿತ್ತು. ಮರುದಿನ ಹೋಗೋಣ ಎಂದುಕೊಂಡೆ. ಮರುದಿನ ಜಿಲ್ಲಾ ಕಚೇರಿಯಲ್ಲಿ ಸಭೆ ಇತ್ತು. ಅದರ ಮರುದಿನ, ಎಚ್ಚರಿಕೆ ಹೊರಡಿಸಬೇಕೋ ಬೇಡವೋ ಎಂಬುದರ ಬಗ್ಗೆ ಇನ್ನೊಂದು ಸಭೆ.

ಒಂಬತ್ತನೆಯ ಬೆಳಿಗ್ಗೆ ಚೀಟಿ ಬರುವ ಮೊದಲೇ ಫೋನ್ ಬಂತು. ಅದೇ ಮಹಡಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಹೆಂಗಸು ಮಾತಾಡಿದಳು, ಎಲ್ಲರೂ ಅವಳನ್ನು ಇಸ್ತ್ರಿಯಮ್ಮ ಅನ್ನುತ್ತಾರೆ. "ಸ್ವಾಮೀ, ನಿಮ್ಮ ದೊಡ್ಡಮ್ಮ ಬಾಗಿಲು ತೆಗೀತಿಲ್ಲ. ಯಂತ್ರದ ಸದ್ದೂ ಇಲ್ಲ."

ಬಾಗಿಲು ಮುರಿದೆವು. ಬಚ್ಚಲಿನ ನೆಲಕ್ಕೆ ನೀರು ಸುರಿದುಕೊಂಡು ಅದರ ಮೇಲೆ ಮಲಗಿದ್ದಳು. ನೀರು ಪೂರ್ತಿ ಆರಿಹೋಗಿತ್ತು. ವೈದ್ಯರು ಬಂದು ನೋಡಿ, ಜೀವ ಹೋಗಿ ಆರೇಳು ಗಂಟೆಯಾಗಿದೆ ಅಂದರು. ನಾನು ನಂಬಲಿಲ್ಲ. ಅವಳ ಕೈ ನನ್ನ ಕೈಯಲ್ಲಿತ್ತು, ಬೆಚ್ಚಗಿತ್ತು. "ಇಲ್ಲ ಡಾಕ್ಟ್ರೇ, ಇನ್ನೊಂದ್ಸಲ ನೋಡಿ" ಎಂದು ಅಂಗಲಾಚಿದೆ. ಅವರು ನನ್ನ ಭುಜ ಹಿಡಿದು, "ಈ ಕೋಣೇಲಿ ತಣ್ಣಗಾಗೋಕೆ ಜಾಗ ಎಲ್ಲಿದೆ ಹೇಳಿ" ಅಂದರು. ಅಕ್ಕಾ, ಸತ್ತ ಮೇಲೂ ಅವಳ ಮೈ ತಣಿಯಲಿಲ್ಲ. ಯಂತ್ರದ ಪಕ್ಕ ನಲವತ್ತೆರಡು ಸಮವಸ್ತ್ರಗಳು ಮಡಿಸಿಟ್ಟಂತೆ ಇದ್ದವು.

ಮೆಟ್ಟಿಲು ಇಳಿಯುವಾಗ ಮೂರನೇ ಮಹಡಿಯಲ್ಲೊಂದು ಬಾಗಿಲಲ್ಲಿ ಜನ ಗುಂಪುಗೂಡಿದ್ದರು. ಎರಡನೇ ಮಹಡಿಯಲ್ಲೂ. ಸಾಲು ಮುಗಿದದ್ದು ಹನ್ನೊಂದನೆಯ ರಾತ್ರಿಗೆ. ಆ ಒಂದು ಕಟ್ಟಡದಿಂದ ಇಪ್ಪತ್ತಮೂರು ಹೆಣ ಇಳಿಸಿದರು. ಹೆಚ್ಚಿನವರ ಮರಣದ ಚೀಟಿಯಲ್ಲಿ ಬರೆದದ್ದು ಹೃದಯಾಘಾತ ಎಂದು.

ವಿಚಾರಣಾ ಸಮಿತಿ ಕೂತಿತು. ನನ್ನನ್ನು ಕರೆಯುವ ಹಿಂದಿನ ದಿನ ದೊಡ್ಡ ಸಾಹೇಬರು ಮನೆಗೇ ಬಂದರು. ದೊಡ್ಡಮ್ಮನ ಫೋಟೋ ಮುಂದೆ ಕೈಮುಗಿದು ನಿಂತರು, ನಿಜವಾಗಿಯೂ ಕಣ್ಣಲ್ಲಿ ನೀರಿತ್ತು. ಹೊರಡುವಾಗ, "ಜಾಸ್ತಿ ಏನೂ ಹೇಳ್ಬೇಡಪ್ಪಾ. ಅನಿರೀಕ್ಷಿತ ಅನ್ನೋ ಒಂದು ಪದ ಸಾಕು. ನಿನಗೂ ಒಳ್ಳೇದು, ಕಚೇರಿಗೂ ಒಳ್ಳೇದು" ಅಂದರು. ನಾನು ಅವತ್ತೂ ತಲೆಯಾಡಿಸಿದೆ ಅಕ್ಕಾ. ಅಭ್ಯಾಸ.

ಸಮಿತಿಯ ಮುಂದೆ ಮೂರು ಜನ ಕೂತಿದ್ದರು. ನಡುವಿನಲ್ಲಿದ್ದ ನಿವೃತ್ತ ನ್ಯಾಯಾಧೀಶೆ ನಿಧಾನಕ್ಕೆ ಕೇಳಿದರು, "ಇಂಥ ಸೆಕೆ ಬರಬಹುದು ಅಂತ ನಿಮ್ಮ ಕಚೇರಿಗೆ ಮೊದಲೇ ಗೊತ್ತಿತ್ತಾ?" ಆ ಪದ ನಾಲಿಗೆಯ ತುದಿಯಲ್ಲಿತ್ತು. ಹಿಂದಿನ ಬೆಂಚಿನಲ್ಲಿ ಇಸ್ತ್ರಿಯಮ್ಮ ಕೂತಿದ್ದಳು. ಎಲ್ಲಿಂದಲೋ ಒಂದು ಹಳೆಯ ಪತ್ರಿಕೆ ತಂದು ಅದರಿಂದಲೇ ಗಾಳಿ ಬೀಸಿಕೊಳ್ಳುತ್ತಿದ್ದಳು. ಅವಳ ಗಂಡನೂ ಆ ಇಪ್ಪತ್ತಮೂರರಲ್ಲಿ ಒಬ್ಬ. ಅವಳು ನನ್ನನ್ನು ದುರುಗುಟ್ಟಿ ನೋಡುತ್ತಿದ್ದಳು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಅವಳು ನನ್ನನ್ನು ನೋಡುತ್ತಲೇ ಇರಲಿಲ್ಲ. ನಾವು ಏನು ಮಾತಾಡುತ್ತೇವೆಂಬುದರ ಮೇಲೆ ಅವಳಿಗೆ ಯಾವ ಆಸೆಯೂ ಉಳಿದಿರಲಿಲ್ಲ.

"ಗೊತ್ತಿತ್ತು" ಅಂದೆ. ಚೀಲದಿಂದ ನಿಮ್ಮ ಹಾಳೆ ತೆಗೆದು ಮೇಜಿನ ಮೇಲಿಟ್ಟೆ. ನಾಶ ಮಾಡು ಎಂದು ನನಗೆ ಅಂದೇ ಹೇಳಿದ್ದರು. ಮಾಡಿರಲಿಲ್ಲ. ಒಳ್ಳೆಯತನದಿಂದಲ್ಲ, ನಿಮ್ಮ ಲೆಕ್ಕ ನಿಜವಾಗಿಬಿಟ್ಟರೆ ಎಂಬ ಹೆದರಿಕೆಯಿಂದ. ಅವರು ಓದಿದರು. "ಇದು ಯಾರ ಕೈಬರಹ?" ಹೇಳಿದೆ. "ಹಾಗಾದ್ರೆ ಈ ಹನ್ನೆರಡು ವರ್ಷದ ನಕ್ಷೆ?" "ಅದು ನಂದು." ಎಂಬತ್ತೊಂದರಲ್ಲಿ ಹನ್ನೆರಡನ್ನೇ ಏಕೆ ಆರಿಸಿದಿರಿ ಎಂದು ಕೇಳಿದರು. ಒಂದು ಗೆರೆಯನ್ನು ಎಲ್ಲಿಂದ ಶುರು ಮಾಡಿದರೆ ಅದು ಏರುತ್ತದೆ, ಎಲ್ಲಿಂದ ಶುರು ಮಾಡಿದರೆ ಮಲಗುತ್ತದೆ ಎಂದು ಖಾಲಿ ಹಾಳೆಯ ಮೇಲೆ ಎಳೆದು ತೋರಿಸಿದೆ. ಇಸ್ತ್ರಿಯಮ್ಮ ಗಾಳಿ ಬೀಸಿಕೊಳ್ಳುವುದನ್ನು ನಿಲ್ಲಿಸಿದ್ದಳು.

ಹೊರಗೆ ಬಂದಾಗ ಅವಳು ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಕೆನ್ನೆಗೆ ಬಾರಿಸುತ್ತಾಳೆ ಅಂದುಕೊಂಡೆ, ಬಾರಿಸಿದ್ದರೆ ಹಗುರಾಗುತ್ತಿತ್ತು. ಅವಳು ಕೇಳಿದ್ದು ಒಂದೇ ಮಾತು. "ಈ ವರ್ಷ ಎಷ್ಟು ರಾತ್ರಿ ಸ್ವಾಮೀ?"

ನನ್ನನ್ನು ಅಮಾನತು ಮಾಡಿದ್ದಾರೆ. ಅದರ ಬಗ್ಗೆ ಮರುಗಬೇಡಿ, ಮರುಗುವುದೂ ಇಲ್ಲ ನೀವು. ಅವಳ ಪ್ರಶ್ನೆಗೆ ಉತ್ತರ ಹುಡುಕಲು ಮನೆಯಲ್ಲೇ ಕೂತು, ಈ ಆರು ವರ್ಷದ ಅಂಕಿಗಳನ್ನೂ ಸೇರಿಸಿ ನಿಮ್ಮ ಲೆಕ್ಕವನ್ನು ಪುನಃ ಮಾಡಿದೆ. ನೀವು ಕಲಿಸಿದಂತೆಯೇ: ನೆರೆ ಊರುಗಳ ಪಕ್ಕ ಇಟ್ಟೆ, ಅನುಮಾನದ ಅಂಕಿಗಳನ್ನು ಕಿತ್ತೆ, ಬಿಂದುವಿನ ನಂತರದ ಅಂಕಿಯನ್ನೂ ಬಿಡಲಿಲ್ಲ. ಮೂರು ಸಲ ಮಾಡಿದೆ, ಎಲ್ಲೋ ತಪ್ಪಿರಲಿ ಎಂದು ಬೇಡಿಕೊಂಡು. ತಪ್ಪು ಸಿಕ್ಕಿತು ಅಕ್ಕಾ, ಆದರೆ ಅದು ನಿಮ್ಮ ಹಳೆಯ ಲೆಕ್ಕದಲ್ಲಿ. ನೀವು ಕಡಿಮೆ ಹೇಳಿದ್ದಿರಿ. ಏರಿಕೆ ಒಂದೇ ವೇಗದಲ್ಲಿ ಹೋಗುತ್ತದೆ ಎಂದು ಎಣಿಸಿದ್ದಿರಿ. ಅದು ವೇಗ ಹೆಚ್ಚಿಸಿಕೊಂಡಿದೆ. ಹೋದ ವರ್ಷದ್ದು ಇನ್ನು ಅಪರೂಪದ ಬೇಸಿಗೆಯಲ್ಲ. ನಾಲ್ಕು ವರ್ಷಕ್ಕೊಮ್ಮೆ ಬರಬಹುದಾದ್ದು. ಹದಿನೈದು ರಾತ್ರಿಗಳ ಸಾಲು ಈಗ ನನ್ನ ಹಾಳೆಯ ಮೇಲೆ ಕೂತಿದೆ. ಅದನ್ನು ಯಾರ ಮೇಜಿನ ಮೇಲೆ ಇಡಬೇಕೋ ತಿಳಿಯದೆ ಮೊದಲು ಇಸ್ತ್ರಿಯಮ್ಮನಿಗೆ ಓದಿ ಹೇಳಿದೆ. ಅವಳಿಗೆ ಅರ್ಥವಾಗಲು ಎರಡು ನಿಮಿಷವೂ ಬೇಕಾಗಲಿಲ್ಲ. ಮೇಲಿನ ಎರಡು ಮಹಡಿಯವರು ಬೇಸಿಗೆಗೆ ಮೊದಲೇ ಖಾಲಿ ಮಾಡಬೇಕೆಂದು ಅವಳೇ ಬಾಗಿಲು ಬಾಗಿಲಿಗೆ ಹೋಗುತ್ತಿದ್ದಾಳೆ. "ಎಲ್ಲಿಗೆ ಹೋಗೋದು?" ಎಂದು ಅವರು ಕೇಳುತ್ತಾರೆ. ಅವಳು ಮುಂದಿನ ಬಾಗಿಲು ತಟ್ಟುತ್ತಾಳೆ. ಅಂಥದೇ ಇನ್ನೂ ನಾಲ್ಕು ಕಟ್ಟಡಗಳು ಅದರ ಪಕ್ಕದಲ್ಲಿ ಏಳುತ್ತಿವೆ, ನನ್ನ ಅದೇ ಟಿಪ್ಪಣಿಯ ಆಧಾರದ ಮೇಲೆ. ಟಿಪ್ಪಣಿ ಹಿಂತೆಗೆದುಕೊಳ್ಳಿ ಎಂದು ಎರಡು ಸಲ ಬರೆದುಕೊಟ್ಟೆ. ಅಮಾನತಾದವನ ಪತ್ರಕ್ಕೆ ಬೆಲೆ ಇಲ್ಲವಂತೆ. ನಿಮ್ಮ ಮಾತಿಗೆ ಇರುತ್ತದೆ. ನಾನು ನಿಮ್ಮ ಹೆಸರು ಕೊಟ್ಟದ್ದು ನನ್ನ ತಪ್ಪನ್ನು ಹಗುರ ಮಾಡಿಕೊಳ್ಳಲು ಅಲ್ಲ. ಆ ನಾಲ್ಕು ಕಟ್ಟಡಗಳ ಚಾವಣಿ ಇನ್ನೂ ಹಾಕಿಲ್ಲ.

ಕೊನೆಯದಾಗಿ ಒಂದು. ಇದನ್ನು ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ. ಒಮ್ಮೆ ಹೇಳದೆ ಉಳಿದವನು ಎರಡನೆಯ ಸಲ ಉಳಿಯಬಾರದು. ನಿಮ್ಮ ಬಂದರಿನ ಊರಿನ ದಾಖಲೆಗಳೂ ನನ್ನಲ್ಲಿದ್ದವು, ಐವತ್ತೆರಡು ವರ್ಷದ್ದು, ನಡುವೆ ಮೂರು ವರ್ಷ ಇಲ್ಲ. ಅವನ್ನೂ ಹಾಕಿ ನೋಡಿದೆ. ನಿಮ್ಮಲ್ಲಿ ರಾತ್ರಿಗಳು ನಮಗಿಂತ ಬೇಗ ಏರುತ್ತಿವೆ, ಮೇಲೆ ಸಮುದ್ರದ ತೇವ ಬೇರೆ. ಬೆವರು ಆರದ ಕಡೆ ಎರಡು ಡಿಗ್ರಿ ಕಡಿಮೆಯಿದ್ದರೂ ಅದೇ ಅಪಾಯ. ನಿಮ್ಮ ವಿಳಾಸ ಮೇಲ್ಮಹಡಿಯದು ಎಂದು ಕೇಳಿದೆ. ಮಗಳಿಗೆ ಈಚೆಗೆ ಹೆರಿಗೆಯಾಯಿತಂತೆ, ಮನೆಯಲ್ಲಿ ಎಳೆಕೂಸಿದೆಯಂತೆ. ದಯವಿಟ್ಟು ನೆಲಮಹಡಿಯ ಮನೆಗೆ ಇಳಿದುಬನ್ನಿ. ಈ ಚಳಿಗಾಲದಲ್ಲೇ ಬನ್ನಿ, ಸೆಕೆ ಶುರುವಾದ ಮೇಲೆ ನೋಡೋಣ ಎನ್ನಬೇಡಿ. ನನ್ನ ಲೆಕ್ಕದ ಹಾಳೆಗಳನ್ನು ಇದರ ಜೊತೆ ಇಟ್ಟಿದ್ದೇನೆ. ನನ್ನ ಮಾತು ನಂಬಬೇಡಿ. ನೀವೇ ಮಾಡಿ ನೋಡಿ. ತಪ್ಪು ಸಿಕ್ಕರೆ ಒಂದು ಸಾಲು ಬರೆಯಿರಿ, ಬೈದಾದರೂ ಬರೆಯಿರಿ. ಸಿಗದಿದ್ದರೆ ಬರೆಯಲು ಕೂತು ಹೊತ್ತು ಕಳೆಯಬೇಡಿ, ಸಾಮಾನು ಕಟ್ಟಿ.

ಕ್ಷಮೆ ಕೇಳಲು ಈ ಕಾಗದ ಬರೆಯಲಿಲ್ಲ. ಅದನ್ನು ಕೇಳಬೇಕಾದವಳು ಈಗ ಇಲ್ಲ.

ಹಿರಿಯರನ್ನು ಹರಸುವ ವಯಸ್ಸು ನನ್ನದಲ್ಲ, ಅರ್ಹತೆಯಂತೂ ಮೊದಲೇ ಇಲ್ಲ. ಆದರೂ ನಮ್ಮವರು ಬಾಯ್ತುಂಬ ಹೇಳುವ ಒಂದು ಮಾತಿದೆ, ಇಷ್ಟು ದಿನ ಅದನ್ನು ಸುಮ್ಮನೆ ಆಡುತ್ತಿದ್ದೆ. ಈಗ ಪ್ರತಿ ಅಕ್ಷರವನ್ನೂ ನೆನೆದು ಬರೆಯುತ್ತಿದ್ದೇನೆ. ನೀವು, ನಿಮ್ಮ ಮಗಳು, ಆ ಕೂಸು, ಎಲ್ಲರೂ ತಣ್ಣಗಿರಿ ಅಕ್ಕಾ.

ನಿಮ್ಮ ಕುರ್ಚಿಯಲ್ಲಿ ಕೂರಬಾರದಿದ್ದ,
ಗೆರೆಯಪ್ಪ